ಗಾಜು ತಣಿಯುವ ಹೊತ್ತು

ಮಡಿಕೇರಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಿಲ್ನ್‌ನಲ್ಲಿ, ಆ ಕರೆಂಟಿನ ಒಲೆಯಲ್ಲಿ, ಗಾಜಿನ ಹಾಳೆ ಬೆಸೆದು ಮಾಡಿದ ತಟ್ಟೆ ಒಡೆದಿರುವ ಫೋಟೋ ನೋಡಿದೆ. ಚೂರುಗಳನ್ನು ಎಸೆಯಬೇಡ, ಏನಾಯಿತೆಂದು ಅವೇ ಹೇಳುತ್ತವೆ. ಒಡೆದ ಅಂಚು ನುಣುಪಾಗಿ ದುಂಡಗಿದ್ದರೆ ಬಿರುಕು ಬಿಟ್ಟದ್ದು ಬಿಸಿ ಏರುವಾಗ. ಆಮೇಲಿನ ಕಾವು ಅಂಚನ್ನು ಕರಗಿಸಿದೆ. ಬ್ಲೇಡಿನ ಹಾಗೆ ಹರಿತವಾಗಿದ್ದರೆ ಒಡೆದದ್ದು ತಣಿಯುವಾಗ. ಬಿರುಕು ಎರಡು ಬಣ್ಣ ಕೂಡುವ ಗೆರೆಯನ್ನೇ ಹಿಡಿದು ಹೋಗಿದ್ದರೆ ಆ ಗಾಜುಗಳು ಒಂದಕ್ಕೊಂದು ಹೊಂದುವುದಿಲ್ಲ. ಬಣ್ಣವನ್ನು ಲೆಕ್ಕಿಸದೆ ನಡುವೆ ಹಾದು, ತುದಿಯಲ್ಲಿ ಕೊಕ್ಕೆಯಂತೆ ಬಾಗಿದ್ದರೆ ಅನೀಲಿಂಗ್, ಅಂದರೆ ಗಾಜನ್ನು ಹದವಾದ ಕಾವಿನಲ್ಲಿ ನಿಲ್ಲಿಸಿ ನಿಧಾನವಾಗಿ ತಣಿಸುವುದು, ಸಾಲಲಿಲ್ಲ ಎಂದರ್ಥ. ನಿನ್ನ ತಟ್ಟೆಯಲ್ಲಿ ಕಾಣುವುದು ಆ ಕೊಕ್ಕೆ.

ಕರಗಿಸುವುದನ್ನು ನೀನು ಚೆನ್ನಾಗಿಯೇ ಮಾಡಿದ್ದೀಯೆ. ಅವಸರವಾದದ್ದು ತಣಿಸುವಾಗ. ಗಾಜಿನ ಹೊರಮೈ ಬೇಗ ತಣಿದು ಬಿಗಿಯುತ್ತದೆ, ಒಳಗೆ ಇನ್ನೂ ಬಿಸಿ. ಒಳಗಿನದು ಆಮೇಲೆ ಕುಗ್ಗಲು ನೋಡಿದಾಗ ಹೊರಗಿನದು ಬಿಡುವುದಿಲ್ಲ. ಆ ಎಳೆತ ಗಾಜಿನಲ್ಲೇ ಉಳಿದುಬಿಟ್ಟರೆ ತಟ್ಟೆ ಅಂದೇ ಒಡೆಯಬಹುದು, ಆರು ತಿಂಗಳ ಮೇಲೆ ಕಪಾಟಿನಲ್ಲಿ ಕುಳಿತಲ್ಲೇ ಒಡೆಯಬಹುದು. ಮಾರಿದ ಮೇಲೆ ಒಡೆದರೆ ಏನು ಉತ್ತರ ಕೊಡುತ್ತೀಯೆ?

ನಿನ್ನ ಬಳಿ ಇರುವುದು ಅಮೆರಿಕದ ಬುಲ್ಸ್‌ಐ ಕಂಪನಿಯ ಗಾಜು. 3 ಮಿ.ಮೀ.ನ ಎರಡು ಹಾಳೆ ಸೇರಿ 6 ಮಿ.ಮೀ. ಆಗುವ ತಟ್ಟೆಗೆ ಹೀಗೆ ಮಾಡು: ಗಂಟೆಗೆ 222 ಡಿಗ್ರಿ ಸೆಲ್ಸಿಯಸ್‌ನಂತೆ 677ಕ್ಕೆ ಏರಿಸಿ ಅರ್ಧ ಗಂಟೆ ನಿಲ್ಲಿಸು, ಹಾಳೆಗಳ ನಡುವಿನ ಗಾಳಿ ಹೊರಗೆ ಹೋಗಲಿ. ಅಲ್ಲಿಂದ ಗಂಟೆಗೆ 333ರಂತೆ 804ಕ್ಕೆ ಹೋಗಿ 10 ನಿಮಿಷ. ನಂತರ ಕಿಲ್ನ್ ತಾನಾಗಿ 482ಕ್ಕೆ ಇಳಿಯಲಿ. ಅಲ್ಲಿ ಒಂದು ಗಂಟೆ ನಿಂತು, ಗಂಟೆಗೆ 83ರಂತೆ 371ಕ್ಕೆ. ಆಮೇಲೆ ಸ್ವಿಚ್ ಆರಿಸಿ ಮುಚ್ಚಳದ ಗೊಡವೆಗೆ ಹೋಗಬೇಡ.

ದಪ್ಪ 12 ಮಿ.ಮೀ. ಆದರೆ ಲೆಕ್ಕವೇ ಬೇರೆ. 482ರಲ್ಲಿ ಎರಡು ಗಂಟೆ, ಗಂಟೆಗೆ 55ರಂತೆ 427ಕ್ಕೆ, 99ರಂತೆ 371ಕ್ಕೆ. 25 ಮಿ.ಮೀ.ಗೆ ನಾಲ್ಕು ಗಂಟೆ, ಆಮೇಲೆ ಗಂಟೆಗೆ ಬರೀ 15 ಡಿಗ್ರಿ, ನಂತರ 27. 12 ಮಿ.ಮೀ.ನಿಂದ ಮೇಲೆ ದಪ್ಪ ಇಮ್ಮಡಿಯಾದರೆ ಇಳಿಸುವ ವೇಗ ಸುಮಾರು ಕಾಲುಭಾಗಕ್ಕೆ ಬರುತ್ತದೆ, ಇದನ್ನು ಗೋಡೆಯ ಮೇಲೆ ಬರೆದಿಡು. ಅರೆಬೆಸೆದು ಏರುಪೇರು ಉಳಿಸಿದ ಕೆಲಸವಾದರೆ, ಅತಿ ದಪ್ಪ ಜಾಗದ ಎರಡರಷ್ಟು ದಪ್ಪವಿದೆ ಎಂದುಕೊಂಡೇ ತಣಿಸು.

ಬಿಯರ್ ಬಾಟಲಿ ಚೂರನ್ನು ಕಿಟಕಿ ಗಾಜಿನ ಮೇಲೆ ಬೆಸೆಯುವ ಯೋಚನೆ ಬಿಟ್ಟುಬಿಡು. ಎರಡೂ ಒಂದೇ ಅಳತೆಯಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಜರ್ಮನಿಯ ಗಾಜಿನ ಕಲಾವಿದ ಕ್ಲೌಸ್ ಮೋಯೆಗೂ ಕಾಡಿದ ತೊಂದರೆ ಇದೇ. ಬಣ್ಣದ ಪಟ್ಟಿಗಳನ್ನು ಕೂಡಿಸಿ ಬೆಸೆಯಲು ಒಂದಕ್ಕೊಂದು ಹೊಂದುವ ಗಾಜೇ ಅವರಿಗೆ ಸಿಗುತ್ತಿರಲಿಲ್ಲ. 1979ರಲ್ಲಿ ಅಮೆರಿಕದ ಪಿಲ್ಚಕ್ ಗಾಜಿನ ಶಾಲೆಯಲ್ಲಿ ಬುಲ್ಸ್‌ಐನವರ ಪರಿಚಯವಾದ ಮೇಲೆ ಅಂಥ ಹಾಳೆಗಳು ತಯಾರಾದವು. ಇವತ್ತು ನೀನು ಡಬ್ಬಿ ಬಿಚ್ಚಿ ಹತ್ತು ಬಣ್ಣ ಜೋಡಿಸುವುದು ಆ ಕೆಲಸದಿಂದಾಗಿ. ಮೋಯೆ 1982ರಲ್ಲಿ ಆಸ್ಟ್ರೇಲಿಯಾದ ಕ್ಯಾನ್ಬೆರಾಕ್ಕೆ ಹೋಗಿ ಅಲ್ಲಿಯ ಕಲಾಶಾಲೆಯಲ್ಲಿ ಗಾಜಿನ ವಿಭಾಗ ಕಟ್ಟಿದರು. ಅವರ ಬೋಗುಣಿಗಳ ಚಿತ್ರಗಳನ್ನು ಹುಡುಕಿ ನೋಡು, ಬಣ್ಣ ಕೂಡಿಸುವ ಪಾಠ ಅಲ್ಲಿದೆ.

ಹೊಂದುವ ಗಾಜಿನಲ್ಲೂ ಒಂದು ಎಚ್ಚರ. ಕಾಫಿ ಹಣ್ಣಿನಂಥ ಉರಿಗೆಂಪು ಬಹುಮಟ್ಟಿಗೆ ಸೆಲೆನಿಯಂ ಇರುವ ಗಾಜಿನಲ್ಲಿ ಬರುತ್ತದೆ. ಅದರ ಪಕ್ಕ ತಾಮ್ರವಿರುವ ನೀಲಿಹಸಿರು ಇಟ್ಟರೆ ಕೂಡುವಲ್ಲಿ ಕಪ್ಪು ಗೆರೆ ಮೂಡಬಹುದು. ಒಡೆಯುವುದಿಲ್ಲ, ಆದರೆ ನೀನು ಬಯಸಿದ ಬಣ್ಣವೂ ಉಳಿಯುವುದಿಲ್ಲ. ಮೊದಲು ಎರಡು ಬೆರಳಗಲದ ತುಂಡಿನಲ್ಲಿ ಪರೀಕ್ಷೆ ಮಾಡು.

ಈಗ ನಮ್ಮೂರಿನ ಮಾತು. 3 ಕಿಲೋವ್ಯಾಟ್ ಕಿಲ್ನ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ಅದಕ್ಕೇ ಬೇರೆ ಲೈನು, 4 ಚದರ ಮಿ.ಮೀ. ತಾಮ್ರದ ತಂತಿ, ಸರಿಯಾದ ಅರ್ಥಿಂಗ್ ಹಾಕಿಸು. ಮನೆಯ ಇನ್ವರ್ಟರ್ ಇದನ್ನು ತಡೆಯದು. ಕಕ್ಕಡ ತಿಂಗಳಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳುವವರಿಲ್ಲ. ಹೋದಾಗ ಮುಚ್ಚಳ ತೆಗೆಯಲೇಬೇಡ, ಕಾವಿನ ಮೀಟರ್ ನೋಡು. ಕರೆಂಟು ಬಂದಾಗ ಕಾವು 371ರ ಮೇಲಿದ್ದರೆ 482ಕ್ಕೆ ಏರಿಸಿ ಪೂರ್ತಿ ಅನೀಲಿಂಗನ್ನು ಮೊದಲಿನಿಂದ ಮಾಡು. ಕೆಳಗಿಳಿದಿದ್ದರೆ ಗಂಟೆಗೆ 55ಕ್ಕಿಂತ ಹೆಚ್ಚು ಏರಿಸಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 6 ಮಿ.ಮೀ. ಮೀರಿದ್ದನ್ನು ಕಿಲ್ನ್‌ಗೆ ಇಡದಿರುವುದೇ ಒಳ್ಳೆಯದು. ಮಳೆಗಾಲವನ್ನು ಕತ್ತರಿಸಲು, ಬಣ್ಣ ಪರೀಕ್ಷಿಸಲು ಇಟ್ಟುಕೋ.

ಗಾಜು ಕರಗಿಸಿ ಆಕಾರ ಕೊಡಲು ಪ್ಲಾಸ್ಟರ್ ಮತ್ತು ಸಿಲಿಕಾ ಪುಡಿ ಸಮತೂಕ ಬೆರೆಸಿ ಮಾಡುವ ಅಚ್ಚು ನಮ್ಮ ಮಳೆಯಲ್ಲಿ ಒಣಗುವುದೇ ಇಲ್ಲ. ಹಸಿ ಅಚ್ಚು ಒಲೆಯೊಳಗೆ ಆವಿ ಬಿಟ್ಟು ಸೀಳುತ್ತದೆ. ಕಣದಲ್ಲಿ ರೊಬಸ್ಟಾ ಕಾಫಿ ಹರಡುವ ದಿನಗಳಲ್ಲಿ ಅಚ್ಚಿಗೂ ಒಂದು ಮೂಲೆ ಕೇಳಿಕೋ. ಸಿಲಿಕಾ ಪುಡಿ ಮುಟ್ಟುವಾಗ ಎನ್95 ಮಾಸ್ಕ್ ಇಲ್ಲದೆ ಇರಬೇಡ. ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸು. ಆ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ವಾಸಿಯಾಗುವ ಕಾಯಿಲೆಯಲ್ಲ ಪುಟ್ಟಿ. ಕಿಲ್ನ್ ಒಳಗಿನ ಶೆಲ್ಫಿಗೆ ಗಾಜು ಅಂಟದಂತೆ ಬಳಿಯುವ ಕಿಲ್ನ್ ವಾಶ್ ಒಂದು ಪಾಲು ಪುಡಿ, ಐದು ಪಾಲು ನೀರು. ದಿಕ್ಕು ಬದಲಿಸುತ್ತ ಐದು ಬಾರಿ ಬಳಿ.

ಊದುವ ಕುಲುಮೆ ಬೇಕೆಂದು ಬರೆದಿದ್ದೀಯೆ. 1962ರಲ್ಲಿ ಅಮೆರಿಕದ ಟೊಲೆಡೊ ಮ್ಯೂಸಿಯಂನಲ್ಲಿ ಕಲಾವಿದ ಹಾರ್ವೆ ಲಿಟಲ್‌ಟನ್ ಸಣ್ಣ ಕುಲುಮೆ ಹೂಡಿ, ಕಲಾವಿದ ಕಾರ್ಖಾನೆಯ ಹಂಗಿಲ್ಲದೆ ಗಾಜು ಊದಬಹುದೆಂದು ತೋರಿಸಿದ್ದು ನಿಜ. ಆಗಲೂ ಮೊದಲು ಕರಗಿಸಿದ ಗಾಜು ಕೆಲಸಕ್ಕೆ ಬರಲಿಲ್ಲ, ಗಾಜಿನ ತಜ್ಞ ಡೊಮಿನಿಕ್ ಲಬಿನೊ ಕೊಟ್ಟ ಗಾಜಿನ ಗೋಲಿಗಳನ್ನು ಕರಗಿಸಿದ ಮೇಲೆಯೇ ಆದದ್ದು. ಕರಗಿದ ಗಾಜನ್ನು ಸಾವಿರ ಡಿಗ್ರಿ ಮೀರಿದ ಕಾವಿನಲ್ಲಿ ಹಗಲೂ ರಾತ್ರಿ ಕಾಯಬೇಕು, ಜೊತೆಗೆ ನುರಿತ ಕೈಗಳು ಬೇಕು. ಅಮೆರಿಕದ ಗಾಜಿನ ಕಲಾವಿದ ಡೇಲ್ ಚಿಹುಲಿ 1976ರಲ್ಲಿ ಎಡಗಣ್ಣು, 1979ರಲ್ಲಿ ಭುಜದ ಬಲ ಕಳೆದುಕೊಂಡ ಮೇಲೆ ಚಿತ್ರ ಬರೆದು ಕೊಟ್ಟು ತಂಡದಿಂದ ಊದಿಸಿದರು. ಆ ತಂಡ ನಿನಗೆಲ್ಲಿದೆ? ಜೆಕ್ ದಂಪತಿ ಲಿಬೆನ್ಸ್ಕಿ ಮತ್ತು ಬ್ರಿಖ್ತೋವಾ ಅಚ್ಚಿನಲ್ಲಿ ಕರಗಿಸಿ ಮಾಡಿದ ಶಿಲ್ಪಗಳನ್ನು ನೋಡು. ಬೆಳಕು ಗಾಜಿನ ಒಳಗೆ ದಪ್ಪ ಕಡೆ ಮಬ್ಬಾಗಿ ತೆಳು ಕಡೆ ತಿಳಿಯಾಗುವುದನ್ನೇ ಅವರು ಕೆತ್ತಿದ್ದಾರೆ. ನಿನ್ನ ಕೈಗೆ ಒಗ್ಗುವ ದಾರಿ ಅದೇ ಎಂದು ನನಗನ್ನಿಸುತ್ತದೆ.

ಹುತ್ತರಿಗೆ ಬರುವಾಗ ಚೂರುಗಳನ್ನು ಪೇಪರಿನಲ್ಲಿ ಸುತ್ತಿ ತಾ, ಒಡೆಯದೆ ಉಳಿದ ಇನ್ನೊಂದು ತಟ್ಟೆಯನ್ನೂ ತಾ. ಎರಡು ಪೋಲರೈಸಿಂಗ್ ಹಾಳೆಗಳನ್ನು ಬೆಳಕು ಕತ್ತಲಾಗುವಂತೆ ಅಡ್ಡ ತಿರುಗಿಸಿ, ನಡುವೆ ಅದನ್ನು ಹಿಡಿದು ನೋಡೋಣ. ಬೆಳ್ಳಗೆ ಹೊಳೆಯುವ ಜಾಗವಿದ್ದರೆ ಅಲ್ಲಿ ಎಳೆತ ಉಳಿದಿದೆ, ಅದನ್ನು ಯಾರಿಗೂ ಮಾರಬೇಡ.

ನಿನ್ನ ದೊಡ್ಡಮ್ಮ