ಮೈದಾನದಲ್ಲಿ ಸೋಲದ ತಂಡವನ್ನು ಸಮಿತಿ ಸೋಲಿಸಿತು

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಕಾಲೇಜು ಫುಟ್‌ಬಾಲ್‌ನ 2023ರ ಋತುವಿನ ಮಾತು ಬಂದಾಗಲೆಲ್ಲ, ಫ್ಲಾರಿಡಾ ಸ್ಟೇಟ್ ತಂಡ ಋತುವಿನ ಕೊನೆಗೆ ನಡೆದ ಆರೆಂಜ್ ಬೌಲ್ ಪಂದ್ಯದಲ್ಲಿ ಜಾರ್ಜಿಯಾ ಎದುರು 63-3ರಿಂದ ಸೋತದ್ದನ್ನೇ ಮುಂದಿಟ್ಟು, ರಾಷ್ಟ್ರೀಯ ಪ್ರಶಸ್ತಿಗಾಗಿ ಆಗ ನಾಲ್ಕೇ ತಂಡಗಳು ಸೆಣಸುತ್ತಿದ್ದ ಪ್ಲೇಆಫ್‌ನಿಂದ ಆ ತಂಡವನ್ನು ಹೊರಗಿಟ್ಟ ಆಯ್ಕೆ ಸಮಿತಿಯ ತೀರ್ಮಾನವೇ ಸರಿಯಾಗಿತ್ತು ಎಂದು ವಾದಿಸುವವರಿದ್ದಾರೆ. ಆ ವಾದವನ್ನು ನಾನು ಒಪ್ಪಲಾರೆ. ಆ ಒಂದು ಅಂಕಪಟ್ಟಿಯ ಹಿಂದೆ ಹದಿಮೂರು ಗೆಲುವುಗಳಿದ್ದವು.

ಋತುವಿನ ಮೊದಲ ಪಂದ್ಯದಲ್ಲೇ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ತಂಡವನ್ನು 45-24ರಿಂದ ಮಣಿಸಿದ ಫ್ಲಾರಿಡಾ ಸ್ಟೇಟ್ ಕೋಚ್ ಮೈಕ್ ನಾರ್ವೆಲ್ ಅವರ ಹುಡುಗರು, ಸೆಪ್ಟೆಂಬರ್‌ನಲ್ಲಿ ಕ್ಲೆಮ್ಸನ್ ನೆಲದಲ್ಲಿ ಹೆಚ್ಚುವರಿ ಅವಧಿಯವರೆಗೂ ಸೆಣಸಿ 31-24ರಿಂದ ಗೆದ್ದರು. ನವೆಂಬರ್ 18ರಂದು ತವರು ಅಂಗಳವಾದ ಟಾಲಹಾಸಿಯಲ್ಲಿ, ನಾರ್ತ್ ಅಲಬಾಮಾ ವಿರುದ್ಧದ ಪಂದ್ಯದ ಮೊದಲ ಹಂತದಲ್ಲೇ, ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಕಾಲಿಗೆ ತೀವ್ರ ಪೆಟ್ಟು ಬಿತ್ತು; ಅವರನ್ನು ಬಂಡಿಯಲ್ಲಿ ಹೊರಗೊಯ್ಯಬೇಕಾಯಿತು. ದಾಳಿಯ ಬಹುತೇಕ ಪ್ರತಿ ಚೆಂಡೂ ಕ್ವಾರ್ಟರ್‌ಬ್ಯಾಕ್ ಕೈಯಿಂದಲೇ ಹೊರಡುವ ಈ ಆಟದಲ್ಲಿ ಅದೆಂಥ ನಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ 0-13ರ ಹಿನ್ನಡೆಯಲ್ಲಿದ್ದ ತಂಡ ಅಂದು ಗೆದ್ದದ್ದು 58-13ರಿಂದ. ಮುಂದಿನ ವಾರ ಎರಡನೆಯ ಕ್ವಾರ್ಟರ್‌ಬ್ಯಾಕ್ ಟೇಟ್ ರೋಡ್‌ಮೇಕರ್ ಆಡಿ, ಬದ್ಧ ಎದುರಾಳಿ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡವನ್ನು 24-15ರಿಂದ ಸೋಲಿಸಿದರು. ಆ ಪಂದ್ಯದಲ್ಲಿ ಅವರ ತಲೆಗೂ ಪೆಟ್ಟಾಯಿತು.

ಹೀಗಾಗಿ ಡಿಸೆಂಬರ್ 2ರಂದು ಷಾರ್ಲಟ್‌ನಲ್ಲಿ ನಡೆದ ಎಸಿಸಿ ಕಾನ್ಫರೆನ್ಸ್ (ಫ್ಲಾರಿಡಾ ಸ್ಟೇಟ್ ಸೇರಿರುವ ಕಾಲೇಜು ತಂಡಗಳ ಗುಂಪು) ಫೈನಲ್‌ಗೆ ಇಳಿದದ್ದು ಮೂರನೆಯ ಕ್ವಾರ್ಟರ್‌ಬ್ಯಾಕ್, ಮೊದಲ ವರ್ಷದ ವಿದ್ಯಾರ್ಥಿ ಬ್ರಾಕ್ ಗ್ಲೆನ್. ಅವರ ಪಾಸ್‌ಗಳು ಗುರಿ ಮುಟ್ಟಲು ಪರದಾಡಿದವು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆ ಕೊರತೆಯನ್ನು ರಕ್ಷಣಾ ಪಡೆ ತುಂಬಿತು: ಎದುರಾಳಿ ಲೂಯಿವಿಲ್‌ಗೆ ಒಂದೇ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಅಂಚಿನ ವಲಯಕ್ಕೆ ಒಯ್ದು ಗಳಿಸುವ ಅಂಕ) ಸಿಗದಂತೆ ಕೊನೆಯವರೆಗೂ ಕಟ್ಟಿಹಾಕಿತು. ಇತ್ತ ಓಟಗಾರ ಲಾರೆನ್ಸ್ ಟೊಫಿಲಿ, ಕ್ವಾರ್ಟರ್‌ಬ್ಯಾಕ್‌ಗೆ ಹೋಗಬೇಕಿದ್ದ ಚೆಂಡನ್ನು ತಾವೇ ನೇರವಾಗಿ ಪಡೆದು ಎದುರಾಳಿಗಳ ನಡುವಿನಿಂದ ಬಹುದೂರ ನುಗ್ಗಿ, ಟಚ್‌ಡೌನ್‌ಗೆ ದಾರಿ ಮಾಡಿಕೊಂಡರು. ಅಂತಿಮ ಅಂಕ 16-6. ಒಂದು ತಂಡದ ಕಸುವನ್ನು ಅಳೆಯಲು ಇದಕ್ಕಿಂತ ಕಠಿಣ ಪರೀಕ್ಷೆ ಯಾವುದಿತ್ತು?

ಮರುದಿನ ಹದಿಮೂರು ಮಂದಿಯ ಸಮಿತಿ ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ ತಂಡಗಳನ್ನು ಪ್ಲೇಆಫ್‌ಗೆ ಆರಿಸಿ, ಟ್ರಾವಿಸ್ ಇಲ್ಲದ ತಂಡ ಮೊದಲಿನಂತಿಲ್ಲವೆಂದು ಫ್ಲಾರಿಡಾ ಸ್ಟೇಟ್‌ಗೆ ಐದನೆಯ ಸ್ಥಾನ ಕೊಟ್ಟಿತು. ಆರಿಸಿದ ನಾಲ್ಕರಲ್ಲಿ ಟೆಕ್ಸಸ್ ಮತ್ತು ಅಲಬಾಮಾ ತಲಾ ಒಂದು ಪಂದ್ಯ ಸೋತಿದ್ದವು. ಐದು ಪ್ರಮುಖ ಕಾನ್ಫರೆನ್ಸ್‌ಗಳಲ್ಲೊಂದರ ಅಜೇಯ ಚಾಂಪಿಯನ್ ನಾಲ್ಕು ತಂಡಗಳ ಪ್ಲೇಆಫ್‌ನಿಂದ ಹೊರಗುಳಿದದ್ದು ಅದೇ ಮೊದಲು. ತನ್ನ ಕಾಲು ಇನ್ನೂ ಮೊದಲೇ ಮುರಿದಿದ್ದರೆ, ಈ ತಂಡ ಕೇವಲ ಒಬ್ಬ ಕ್ವಾರ್ಟರ್‌ಬ್ಯಾಕ್‌ನದ್ದಲ್ಲ ಎಂದು ಎಲ್ಲರಿಗೂ ತಿಳಿಯುತ್ತಿತ್ತು ಎಂದು ಟ್ರಾವಿಸ್ ಅಂದು ಬರೆದುಕೊಂಡರು. ಗಾಯಗೊಂಡ ಆಟಗಾರನೊಬ್ಬ ಹೀಗೆ ಹಳಹಳಿಸುವಂತೆ ಮಾಡಿದ ವ್ಯವಸ್ಥೆಯನ್ನು ನ್ಯಾಯಯುತವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಸಮಿತಿ ನಿಯಮ ಮೀರಿತೆಂದು ನಾನು ಹೇಳುತ್ತಿಲ್ಲ. ಪ್ರಮುಖ ಆಟಗಾರರ ಅಲಭ್ಯತೆ ಮುಂದಿನ ಪಂದ್ಯಗಳ ಮೇಲೆ ಬೀರಬಹುದಾದ ಪರಿಣಾಮವನ್ನೂ ಪರಿಗಣಿಸಬಹುದೆಂದು ಅದರ ನಿಯಮಾವಳಿಯೇ ಹೇಳುತ್ತದೆ. ನನ್ನ ತಕರಾರು ಆ ನಿಯಮದ ಬಗ್ಗೆಯೇ, ಏಕೆಂದರೆ ಅದು ಆಡಿ ಗೆದ್ದ ಪಂದ್ಯಗಳಿಗಿಂತ ಇನ್ನೂ ಆಡದ ಪಂದ್ಯದ ಊಹೆಗೆ ಹೆಚ್ಚು ಬೆಲೆ ಬರಲು ಎಡೆಮಾಡಿಕೊಡುತ್ತದೆ. ಅಂಥ ಊಹೆ ಎಷ್ಟರ ಮಟ್ಟಿಗೆ ನಂಬಲರ್ಹ ಎನ್ನುವುದಕ್ಕೆ ಪ್ಲೇಆಫ್‌ನ ಮೊದಲ ವರ್ಷವೇ ಸಾಕ್ಷಿ. 2014ರಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಗಾಯದಿಂದ ಕಳೆದುಕೊಂಡಿದ್ದ ಒಹಾಯೊ ಸ್ಟೇಟ್, ಮೂರನೆಯವರಾದ ಕಾರ್ಡೇಲ್ ಜೋನ್ಸ್ ಅವರ ನೇತೃತ್ವದಲ್ಲಿ ವಿಸ್ಕಾನ್ಸಿನ್ ವಿರುದ್ಧ 59-0ರಿಂದ ಗೆದ್ದು ಪ್ಲೇಆಫ್ ಪ್ರವೇಶಿಸಿತು. ಅಲ್ಲಿ ಅಲಬಾಮಾವನ್ನೂ ಆರೆಗನ್‌ ಅನ್ನೂ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಇನ್ನು ಆ 63-3ರ ವಿಚಾರ. ಪ್ರಶಸ್ತಿಯ ದಾರಿ ಮುಚ್ಚಿದ ಮೇಲೆ ಗಾಯ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿನ ಭವಿಷ್ಯದ ಚಿಂತೆ, ಬೇರೆ ಕಾಲೇಜಿಗೆ ವರ್ಗಾವಣೆ ಹೀಗೆ ನಾನಾ ಕಾರಣಗಳಿಂದ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಆರೆಂಜ್ ಬೌಲ್‌ನಲ್ಲಿ ಕಣಕ್ಕಿಳಿಯಲಿಲ್ಲ. ಅಂದು ಜಾರ್ಜಿಯಾ ಎದುರಿಸಿದ್ದು ಷಾರ್ಲಟ್‌ನಲ್ಲಿ ಗೆದ್ದ ತಂಡವನ್ನಲ್ಲ. ಸಮಿತಿಯ ತೀರ್ಮಾನದಿಂದಲೇ ಬಹುಪಾಲು ಹುಟ್ಟಿದ ಫಲಿತಾಂಶವನ್ನು ಅದೇ ತೀರ್ಮಾನದ ಸಮರ್ಥನೆಗೆ ಬಳಸುವುದು ಯಾವ ತರ್ಕ?

2024ರಿಂದ ಪ್ಲೇಆಫ್ ಹನ್ನೆರಡು ತಂಡಗಳಿಗೆ ವಿಸ್ತಾರಗೊಂಡಿದೆ. ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಸ್ಥಾನ ಖಚಿತವಾಗಿದೆ. ಇದು ಸ್ವಾಗತಾರ್ಹ. ಆದರೆ ಉಳಿದ ಏಳು ಸ್ಥಾನಗಳನ್ನು ಇನ್ನೂ ಸಮಿತಿಯೇ ಹಂಚುವುದರಿಂದ, ಗಾಯಾಳುಗಳ ಆಧಾರದ ಮೇಲೆ ಭವಿಷ್ಯ ಊಹಿಸುವ ಅವಕಾಶವನ್ನು ನಿಯಮಾವಳಿಯಿಂದ ಪೂರ್ತಿಯಾಗಿ ತೆಗೆದುಹಾಕಬೇಕು.

ಇತಿ,
ಓರ್ವ ಓದುಗ