ಅಯ್ಯನವರಲ್ಲ, ಅಮ್ಮನವರೂ ಅಲ್ಲ

ನಮ್ಮ ಕನ್ನಡ ಸಂಘದ ಪತ್ರಿಕೆಯ ರಾಜ್ಯೋತ್ಸವದ ಸಂಚಿಕೆ ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ. ನಾಡು ನುಡಿ ಬಗ್ಗೆ ಬರೆಯಲು ಕೂತೆ. ಆದರೆ ಮಗಳು ಕೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ಅದನ್ನೇ ಬರೆಯುತ್ತೇನೆ.

ಈ ತಿಂಗಳ ಮೊದಲ ಭಾನುವಾರ ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಬೀದಿಯ ಚರ್ಚಿನಲ್ಲಿ ಬೆಳೆಹಬ್ಬ. ಸಂಜೆ ಊರಿಗೆ ವಿಡಿಯೋ ಕಾಲ್ ಮಾಡಿದೆವು.

"ಅಯ್ಯನವರು ಏನು ಪ್ರಸಂಗ ಮಾಡಿದ್ರು ಪುಟ್ಟಿ?" ಅಂತ ಅಮ್ಮ ಕೇಳಿದರು.

"ಅಯ್ಯನವರಲ್ಲ ಅಜ್ಜಿ, ಹೆಂಗಸು."

"ಓ, ಅಮ್ಮನವರಾ? ಅಯ್ಯನವರಿಗೆ ಹುಷಾರಿರಲಿಲ್ವಾ?"

ನಮ್ಮ ಕಡೆ ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿ, ಅಯ್ಯನವರು, ಅವರ ಹೆಂಡತಿ ಅಮ್ಮನವರು. ಪ್ರಸಂಗ ಅಂದರೆ ಅವರು ಮಾಡುವ ಉಪದೇಶ. ಮಗಳು, "ಅವರ ಗಂಡ ಬಸ್ ಓಡಿಸ್ತಾರೆ ಅಜ್ಜಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದ್ರೆ ಇವರಿಗೆ ಕನ್ನಡದಲ್ಲಿ ಹೆಸರೇ ಇಲ್ವಾ?" ಅಂತ ಕೇಳಿದಳು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನ್ನ ಮುತ್ತಜ್ಜಿಗೂ ಇರಲಿಲ್ಲ" ಅಂದರು.

ಮಗಳ ಮುತ್ತಜ್ಜಿ ಅಂದರೆ ನನ್ನ ಅಜ್ಜಿ. ಅವರು ಪ್ರಸಂಗ ಮಾಡಿದಾಗ ನನಗೆ ಒಂಬತ್ತು ವರ್ಷ. ಉಡುಪಿ ಕಡೆಯ ಚಿಕ್ಕ ಸಭೆ, ಅಂದರೆ ಚರ್ಚು, ನಮ್ಮದು. ಮೂರು ಊರಿಗೆ ಒಬ್ಬರೇ ಅಯ್ಯನವರು. ಆ ವರ್ಷ ಬೆಳೆಹಬ್ಬದ ದಿನ ಜಡಿಮಳೆ. ಹೊತ್ತು ಮೀರಿದರೂ ಅವರು ಬರಲಿಲ್ಲ. ಮುಂದೆ ಎಲ್ಲ ತಂದಿಟ್ಟಾಗಿತ್ತು: ಬಾಳೆಗೊನೆ, ತೆಂಗಿನಕಾಯಿ, ಬಸಳೆ ಕಟ್ಟು, ಸುವರ್ಣಗಡ್ಡೆ, ಕಾಲು ಕಟ್ಟಿದ ಎರಡು ಹುಂಜ. ಹಿರಿಯರು ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬರು, "ಟೀಚರೇ, ನೀವೇ ಏನಾದರೂ ಹೇಳಿ" ಅಂದರು. ಸಂಡೇಸ್ಕೂಲ್ ಕಲಿಸುತ್ತಿದ್ದ ನಮ್ಮಜ್ಜಿ ಊರಿಗೆಲ್ಲ ಟೀಚರ್.

ಅಜ್ಜಿ ಪ್ರಸಂಗಪೀಠ ಹತ್ತಲಿಲ್ಲ. ಕೆಳಗೆ, ಹಾರ್ಮೋನಿಯಂ ಮೇಲೆ ಬೈಬಲ್ ಇಟ್ಟುಕೊಂಡು ನಿಂತರು. ತಲೆ ಮೇಲೆ ಸೆರಗು ಎಳೆದುಕೊಂಡು ರೂತಳ ಕಥೆ ಓದಿದರು. ಮೋವಾಬಿನ ಹೆಣ್ಣು, ಗಂಡ ತೀರಿಕೊಂಡವಳು, ಪರದೇಶದವಳು. ಬೇತ್ಲೆಹೇಮಿನಲ್ಲಿ ಕೊಯ್ಲಿನವರ ಹಿಂದೆ ಹಕ್ಕಲಾಯಲು, ಉಳಿದ ತೆನೆ ಹೆಕ್ಕಲು, ಹೋಗುತ್ತಾಳೆ. ಅಜ್ಜಿ ಹೇಳಿದ್ದು ಇಷ್ಟು: "ಹೊಲದ ಅಂಚನ್ನು ಬಡವರಿಗೆ, ಪರದೇಶದವರಿಗೆ ಬಿಡಬೇಕು ಅಂತ ಕಟ್ಟಳೆ ಮೊದಲೇ ಇತ್ತು. ಬೋವಜ ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಿವುಡುಗಳ ನಡುವೆಯೇ ಆಯಲಿ, ಯಾರೂ ಅವಳಿಗೆ ಅವಮಾನ ಮಾಡಬೇಡಿ ಅಂದ. ಅಂಚು ಬಿಟ್ಟುಕೊಡುವುದು ಸುಲಭ. ನಡುವೆ ಬಿಟ್ಟುಕೊಳ್ಳುತ್ತೇವಾ?" ಹಿಂದಿನ ಬೆಂಚುಗಳಲ್ಲಿ ಯಾರು ಕೂರುತ್ತಿದ್ದರು ಅಂತ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಕೆಮ್ಮಲೂ ಇಲ್ಲ.

ಆಮೇಲೆ ಏಲಂ ಆಯಿತು. ಮನೆಗೆ ಹೊರಟವರು "ಟೀಚರ್ ಒಳ್ಳೆ ಪ್ರಾರ್ಥನೆ ಮಾಡಿದರು" ಅಂದರು. ಸಭೆಯ ಪುಸ್ತಕದಲ್ಲಿ ಆ ದಿನಕ್ಕೆ "ಪ್ರಸಂಗ ಇರಲಿಲ್ಲ" ಅಂತ ಬರೆದಿದ್ದರಂತೆ.

ಈ ಸಲದ ಬೆಳೆಹಬ್ಬಕ್ಕೆ ಎರಡು ದಿನ ಮುಂಚೆ, 2025ರ ಅಕ್ಟೋಬರ್ 3ಕ್ಕೆ, ಚರ್ಚ್ ಆಫ್ ಇಂಗ್ಲೆಂಡ್‌ನ ಮುಖ್ಯ ಪೀಠವಾದ ಕ್ಯಾಂಟರ್ಬರಿಯ ಮುಂದಿನ ಆರ್ಚ್‌ಬಿಷಪ್ ಸಾರಾ ಮುಲ್ಲಾಲಿ ಅಂತ ಪ್ರಕಟವಾಯಿತು. ಆ ಪೀಠಕ್ಕೆ ಮೊದಲ ಹೆಂಗಸು, ಹಿಂದೆ ನರ್ಸ್ ಆಗಿದ್ದವರು. ಇಲ್ಲಿನವರೇ ಮುಂದೆ ಅಂತ ನಮಗೆ ಅನಿಸುತ್ತದೆ, ಅಲ್ವಾ? ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ಹೆಂಗಸರು ಪಾದ್ರಿಗಳಾದದ್ದು 1994ರಲ್ಲಿ. ನಮ್ಮ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) 1976ರಲ್ಲೇ ಆಗಿತ್ತು. ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು 2013ರಲ್ಲಿ ಬಿಷಪ್ ಆದರು. ಇಂಗ್ಲೆಂಡಿನಲ್ಲಿ ಮೊದಲ ಮಹಿಳಾ ಬಿಷಪ್ ಬಂದದ್ದು 2015ರಲ್ಲಿ. ಮಹಿಳಾ ಪಾದ್ರಿ ಬೇಡ ಅನ್ನುವ ಪ್ಯಾರಿಷ್‌ಗಳಿಗೆ (ಊರಿನ ಚರ್ಚುಗಳಿಗೆ) ಇಲ್ಲಿ ಇವತ್ತಿಗೂ ಬೇರೆ ಬಿಷಪ್‌ರ ಏರ್ಪಾಡಿದೆ. ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಅಂತ ಬೈಬಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದದ್ದನ್ನು ಅವರಲ್ಲಿ ಕೆಲವರು ತೋರಿಸುತ್ತಾರೆ. ಅವರ ಭಕ್ತಿ ದೊಡ್ಡದೇ. ಆದರೆ ಅದೇ ಪೌಲ ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ, ಸಭೆಯ ಸೇವಕಿ ಫೊಯಿಬೆಯನ್ನು ಗೌರವದಿಂದ ಸೇರಿಸಿಕೊಳ್ಳಿ ಅನ್ನುತ್ತಾನೆ. ನಾನು ಆ ಪತ್ರದ ಕಡೆಯವಳು.

ಇದು ಬರೀ ಚರ್ಚಿನ ಮಾತಲ್ಲ. ನಮ್ಮ ಸಂಘದ ಅಡುಗೆ, ರಂಗೋಲಿ, ಕನ್ನಡ ಶಾಲೆ ಎಲ್ಲ ಹೆಂಗಸರದ್ದು. ಅಧ್ಯಕ್ಷರ ಪಟ್ಟಿಯಲ್ಲಿ ಈವರೆಗೆ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಚುನಾವಣೆಗೆ ಹೆಸರು ಕೊಡಲು ನವೆಂಬರ್ 15 ಕೊನೆ. ದಯವಿಟ್ಟು ಕೊಡಿ.

ಬೇಗ ಬೇಗ ಉಳಿದದ್ದು: ರಾಜ್ಯೋತ್ಸವ ನವೆಂಬರ್ 1, ಶನಿವಾರ ಸಂಜೆ 4ಕ್ಕೆ, ಮಾಮೂಲಿ ಹಾಲ್‌ನಲ್ಲಿ. ಬಿಸಿಬೇಳೆಬಾತಿಗೆ ತರಕಾರಿ ಹೆಚ್ಚಲು 12ಕ್ಕೇ ಬನ್ನಿ, ಗಂಡಸರೂ ಬನ್ನಿ. ಮಕ್ಕಳ ನೃತ್ಯದ ಹಾಡು ಬುಧವಾರದೊಳಗೆ ಕಳಿಸಿ. ದೀಪಾವಳಿ ಊಟದ ಹಣ ಕೆಲವರಿಂದ ಬಾಕಿ ಇದೆ. ಕನ್ನಡ ಶಾಲೆಗೆ ಇನ್ನೊಬ್ಬ ಟೀಚರ್ ಬೇಕು. ಈ ಪತ್ರಿಕೆಯ ಕರಡು ತಿದ್ದಲು ಯಾರಾದರೂ ಬೇಕೇ ಬೇಕು. ನಾಲ್ಕು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ, ಇನ್ನು ನಿಜವಾಗಿಯೂ ಆಗುತ್ತಿಲ್ಲ.

ಮಗಳಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಸಭಾಪಾಲಕಿ ಅನ್ನಬಹುದು. ಕಾಗದಕ್ಕೆ ಸರಿ, ಬಾಗಿಲಲ್ಲಿ ನಿಂತು ಕರೆಯಲು ಬಾಯಿಗೆ ಬರುವುದಿಲ್ಲ. ಅಮ್ಮ ಮರುದಿನ ತಾವೇ ಫೋನ್ ಮಾಡಿ, "ಅಯ್ಯನವರು ಅಂತಲೇ ಕರೀಲಿ ಬಿಡು, ಹೆಂಗಸಾದರೇನು" ಅಂದರು. ಮಗಳು ಒಪ್ಪುತ್ತಿಲ್ಲ. ನಿಮ್ಮ ಊರಿನ ಸಭೆಯಲ್ಲಿ ಏನಂತ ಕರೆಯುತ್ತಾರೆ? ಗೊತ್ತಿದ್ದವರು ಬರೆದು ಕಳಿಸಿ.