ಡ್ಯೂ ಡೇಟ್ ನಂಬಿ ಇನ್ನು ಲೆಕ್ಕ ಹಾಕುವುದಿಲ್ಲ: ನಮ್ಮ ಗ್ರಾಹಕರಿಗೊಂದು ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ, ಆರೋಗ್ಯ ವಿಮೆ ಮಾಡಿಸಿಕೊಡುವ ನಮ್ಮ ಕಚೇರಿಯಲ್ಲಿ ಹೆರಿಗೆ ಕವರ್ ಬಗ್ಗೆ, ಅಂದರೆ ಹೆರಿಗೆ ಖರ್ಚಿಗೆ ವಿಮೆಯಿಂದ ಸಿಗುವ ಹಣದ ಬಗ್ಗೆ, ಮಾತಾಡುವ ರೀತಿ ಬದಲಾಗುತ್ತದೆ. ಇಷ್ಟು ದಿನ ನೀವೇ ಫೋನ್ ಮಾಡಿ ಸಿಹಿ ಸುದ್ದಿ ಹೇಳಿದ ಮೇಲೆ ನಾವು ಫೈಲ್ ತೆಗೆಯುತ್ತಿದ್ದೆವು. ಇನ್ನು ಮೇಲೆ ಪಾಲಿಸಿ ಮಾಡಿಸುವ ದಿನವೇ, ಮತ್ತೆ ಪ್ರತಿ ರಿನ್ಯೂವಲ್‌ನಲ್ಲೂ, ಹೆರಿಗೆಗೆ ಸಂಬಂಧಪಟ್ಟ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಡುತ್ತೇವೆ. ನೀವು ಕೇಳಲಿ, ಬಿಡಲಿ. ಇನ್ನೊಂದು ಬದಲಾವಣೆ: ಈಗಾಗಲೇ ಗರ್ಭಿಣಿಯಾಗಿರುವವರಿಗೆ "ಈ ಹೆರಿಗೆಗೆ ಆಗುತ್ತೆ" ಅಂತ ಯಾವ ಪಾಲಿಸಿಯನ್ನೂ ಮಾಡಿಸುವುದಿಲ್ಲ.

ಇದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಅದನ್ನು ಮುಚ್ಚಿಟ್ಟು ಬರೀ ಹೊಸ ನಿಯಮ ಹೇಳಿದರೆ ಸರಿ ಹೋಗುವುದಿಲ್ಲ.

ನಮ್ಮ ಗ್ರಾಹಕರಲ್ಲಿ ಒಂದು ಜೋಡಿ 2022ರ ಜೂನ್ 1ರಿಂದ ಪಾಲಿಸಿ ಮಾಡಿಸಿದ್ದರು. ಹೆರಿಗೆ ಖರ್ಚು ಸಿಗಬೇಕಾದರೆ ಮೊದಲು 24 ತಿಂಗಳು ಕಾಯಬೇಕಾದ ವೇಟಿಂಗ್ ಪೀರಿಯಡ್ ಇತ್ತು. ಅಂದರೆ 2024ರ ಮೇ 31ಕ್ಕೆ ಮುಗಿಯಬೇಕು. ಗರ್ಭಿಣಿ ಅಂತ ಗೊತ್ತಾದಾಗ ಅವರು ಸ್ಕ್ಯಾನಿಂಗ್ ರಿಪೋರ್ಟ್ ಕಳಿಸಿದರು. ಡ್ಯೂ ಡೇಟ್ ಜೂನ್ 20. ನಮ್ಮ ಕಚೇರಿಯಲ್ಲಿ ಕ್ಯಾಲೆಂಡರ್ ನೋಡಿ, ಎರಡು ತಾರೀಖಿಗೂ ಸುತ್ತು ಹಾಕಿ, ಮಧ್ಯೆ ಇಪ್ಪತ್ತು ದಿನ ಇದೆ, ಆರಾಮಾಗಿರಿ ಅಂತ ಹೇಳಿಬಿಟ್ಟೆವು. ಮಗು ಮೇ 24ಕ್ಕೇ ಬಂತು. 36 ವಾರ, ಒಂದು ದಿನ. ಉಸಿರಾಟಕ್ಕೆ ಸ್ವಲ್ಪ ಕಷ್ಟವಾಗಿ ಐದು ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿ ಇಟ್ಟುಕೊಂಡರು. ಈಗ ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಕ್ಲೇಮ್ ಮಾತ್ರ ಹೋಯಿತು. ಎಂಟು ದಿನಕ್ಕೆ. ಹೆರಿಗೆ ಖರ್ಚಿನ ಜೊತೆ ಮಗುವಿನ ಎನ್‌ಐಸಿಯು ಬಿಲ್ಲೂ ಹೋಯಿತು. ಆ ಪಾಲಿಸಿಯಲ್ಲಿ ಮಗುವಿನ ಕವರ್ ಸಿಗಬೇಕಾದರೆ ತಾಯಿಯ ಹೆರಿಗೆ ಕ್ಲೇಮ್ ಮಂಜೂರಾಗಿರಬೇಕು. ಒಂದು ಬಾಗಿಲು ಮುಚ್ಚಿದರೆ ಎರಡನೆಯದೂ ತಾನಾಗೇ ಮುಚ್ಚುತ್ತದೆ. ನಾವು ಕಂಪನಿಗೆ ಎರಡು ಸಲ ಬರೆದೆವು. ಅವರ ಉತ್ತರದಲ್ಲಿ ತಪ್ಪು ಹುಡುಕಲು ಆಗಲಿಲ್ಲ. ನಿಯಮ ಪಾಲಿಸಿಯಲ್ಲೇ ಇತ್ತು. ತಪ್ಪಿದ್ದು ನಮ್ಮ ಕ್ಯಾಲೆಂಡರ್‌ನಲ್ಲಿ. ಆ ಮಗುವಿನ ತಂದೆ ಕೂಗಾಡಲಿಲ್ಲ. ಫೋನಿನಲ್ಲಿ "ಆರಾಮಾಗಿರಿ ಅಂದಿದ್ದು ನೀವೇ ಅಲ್ವಾ ಮೇಡಂ?" ಅಂತ ಒಂದೇ ಮಾತು ಕೇಳಿದರು. ಕೂಗಾಡಿದ್ದರೇ ಚೆನ್ನಾಗಿತ್ತು. ಆ ಪಾಲಿಸಿಯಿಂದ ನಮಗೆ ಬಂದಿದ್ದ ಕಮಿಷನ್ನನ್ನೆಲ್ಲ ಅವರಿಗೆ ಕೊಟ್ಟೆವು. ಆಸ್ಪತ್ರೆ ಬಿಲ್ಲಿನ ಮುಂದೆ ಅದು ಏನೇನೂ ಅಲ್ಲ, ನಮಗೂ ಗೊತ್ತು.

ಲೆಕ್ಕ ಎಲ್ಲಿ ತಪ್ಪಿತು ಅಂತ ಹೇಳುತ್ತೇವೆ, ಯಾಕೆಂದರೆ ನೀವೂ ಮನೆಯಲ್ಲಿ ಇದೇ ಲೆಕ್ಕ ಹಾಕುತ್ತಿರಬಹುದು. ಡಾಕ್ಟರು ಕೊಡುವ ಡ್ಯೂ ಡೇಟ್ ಅಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ. ಅದು ಅಂದಾಜಿನ ತಾರೀಖು. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ. 37 ವಾರ ತುಂಬಿದ ಮೇಲೆ ಹುಟ್ಟಿದರೆ ಅವಧಿಗೆ ಮುಂಚೆ ಹುಟ್ಟಿದ ಮಗು ಅಂತ ಯಾರೂ ಹೇಳುವುದಿಲ್ಲ. ಡ್ಯೂ ಡೇಟ್‌ಗೆ ಅಲ್ಲೇ ಮೂರು ವಾರ ವ್ಯತ್ಯಾಸ ಬಂತು. ಇನ್ನು ಜಗತ್ತಿನಲ್ಲಿ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದು 37 ವಾರಕ್ಕಿಂತ ಮುಂಚೆಯೇ ಹುಟ್ಟುತ್ತದೆ. 2020ರಲ್ಲಿ ಹಾಗೆ ಹುಟ್ಟಿದವರು ಸುಮಾರು 1 ಕೋಟಿ 34 ಲಕ್ಷ. ಇದು ಅಪರೂಪದ ಸಂಗತಿ ಅಲ್ಲವೇ ಅಲ್ಲ. ನಾವು ಇಪ್ಪತ್ತು ದಿನ ಕೈಯಲ್ಲಿದೆ ಅಂದುಕೊಂಡಿದ್ದು ಶುದ್ಧ ದಡ್ಡತನ.

ಆದ್ದರಿಂದ ಹೊಸ ಚೀಟಿಯಲ್ಲಿ ಡ್ಯೂ ಡೇಟ್‌ಗೆ ಎಂಟು ವಾರ ಮುಂಚೆಯೇ ವೇಟಿಂಗ್ ಮುಗಿದಿರಬೇಕು ಅಂತ ಇಟ್ಟುಕೊಂಡು ಲೆಕ್ಕ ಹಾಕುತ್ತೇವೆ. ಮೇಲಿನ ಜೋಡಿಗೆ ಇದೇ ಲೆಕ್ಕ ಹಾಕಿದ್ದರೆ, ಕೊನೆಯ ಮುಟ್ಟು 2023ರ ಅಕ್ಟೋಬರ್ 21 ಅಥವಾ ಅದರ ನಂತರ ಇದ್ದರೆ ಧೈರ್ಯವಾಗಿರಬಹುದು, ಮುಂಚೆ ಇದ್ದರೆ ಕೈಯಲ್ಲಿ ದುಡ್ಡು ಇಟ್ಟುಕೊಂಡಿರಿ ಅಂತ ಬರೆದು ಕೊಟ್ಟಿರುತ್ತಿದ್ದೆವು. ಅವರದ್ದು ಸೆಪ್ಟೆಂಬರ್ 14. ಮೊದಲೇ ಹೇಳಿದ್ದರೆ ಅವರು ಹೇಗೋ ಒಂದಿಷ್ಟು ಹಣ ಹೊಂದಿಸಿಕೊಂಡಿರುತ್ತಿದ್ದರು. ಡಿಸ್ಚಾರ್ಜ್ ದಿನ ಕೌಂಟರ್ ಮುಂದೆ ನಿಂತು ಸಾಲ ಕೇಳಿ ಫೋನ್ ಮಾಡುವ ಪರಿಸ್ಥಿತಿ ಬರುತ್ತಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇನ್ಷೂರೆನ್ಸ್ ನೋಡಿಕೊಂಡು ಮಗು ಮಾಡಿಕೊಳ್ಳಿ ಅಂತ ನಾವು ಯಾರಿಗೂ ಹೇಳುವುದಿಲ್ಲ. ವಯಸ್ಸು, ಆರೋಗ್ಯ, ನಿಮ್ಮ ಇಷ್ಟ ಎಲ್ಲವೂ ಪಾಲಿಸಿಗಿಂತ ದೊಡ್ಡದು. ಹಾಗೇ, ನೀವು ಮಗುವಿನ ಯೋಚನೆಯಲ್ಲಿದ್ದೀರಾ ಅಂತಲೂ ನಾವು ಕೇಳುವುದಿಲ್ಲ. ಆ ಪ್ರಶ್ನೆ ಕೇಳಲು ಬೇರೆ ಜನ ಬೇಕಾದಷ್ಟಿದ್ದಾರೆ. ಚೀಟಿಯನ್ನು ಎಲ್ಲರಿಗೂ ಕೊಡುತ್ತೇವೆ. ಮದುವೆ ಆಗದವರಿಗೂ, ಮಕ್ಕಳು ಕಾಲೇಜಿಗೆ ಹೋಗುತ್ತಿರುವವರಿಗೂ. ಬೇಡವಾದರೆ ಸುಮ್ನೆ ಪಕ್ಕಕ್ಕಿಡಿ, ಬೇಜಾರು ಮಾಡಿಕೊಳ್ಳಬೇಡಿ.

ವೇಟಿಂಗ್ ಪೀರಿಯಡ್ ಯಾಕೆ ಅಂತ ಕೇಳುವವರು ಬಹಳ ಜನ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದ ಹಣದಲ್ಲಿ ಕಷ್ಟ ಬಂದವರಿಗೆ ಕೊಡುವುದು ವಿಮೆ. ಯಾವಾಗ ಬೇಕು ಅಂತ ಮೊದಲೇ ಗೊತ್ತಿರುವ ಖರ್ಚಿಗೆ ಆಗಷ್ಟೇ ಸೇರಿ, ತಗೊಂಡು ಹೊರಟುಬಿಟ್ಟರೆ ಉಳಿದವರ ಪ್ರೀಮಿಯಂ ಏರುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಆಗಬಾರದು ಅಂತ ಈ ನಿಯಮ. ಆದರೆ ಎಷ್ಟು ತಿಂಗಳು ಅನ್ನುವುದು ಮನುಷ್ಯರೇ ಮಾಡಿಕೊಂಡಿದ್ದು. ಆಸ್ಟ್ರೇಲಿಯಾದಲ್ಲಿ ಖಾಸಗಿ ವಿಮೆಯವರು ಹೆರಿಗೆಗೆ 12 ತಿಂಗಳಿಗಿಂತ ಜಾಸ್ತಿ ಕಾಯಿಸುವ ಹಾಗಿಲ್ಲ. ಅಮೆರಿಕದಲ್ಲಿ 2014ರಿಂದ, ಜನ ಸ್ವಂತವಾಗಿ ಕೊಳ್ಳುವ ಹೊಸ ಪಾಲಿಸಿಗಳಲ್ಲಿ ಹೆರಿಗೆ ಇರಲೇಬೇಕು. ಗರ್ಭಿಣಿ ಅನ್ನುವ ಕಾರಣಕ್ಕೆ ಪಾಲಿಸಿ ನಿರಾಕರಿಸುವ ಹಾಗಿಲ್ಲ. ಹಾಗಾಗಿ ಬೇರೆ ದೇಶದಲ್ಲಿರುವ ನೆಂಟರ ಅನುಭವ ಕೇಳಿ ನಿಮ್ಮ ಪಾಲಿಸಿಯನ್ನು ಅಳೆಯಬೇಡಿ. ನಿಮ್ಮ ಕೈಯಲ್ಲಿರುವ ಕಾಗದ ಏನು ಹೇಳುತ್ತದೋ ಅದೇ.

ಜನ ಎಡವುವ ಇನ್ನೊಂದು ಜಾಗ ಇದೆ. "ನಮ್ಮ ಪಾಲಿಸಿ ಐದು ವರ್ಷ ಹಳೇದು" ಅನ್ನುತ್ತಾರೆ. ಪಾಲಿಸಿ ಹಳೆಯದೇ, ಆದರೆ ಅದು ಗಂಡನ ಹೆಸರಿನಲ್ಲಿ ಶುರುವಾಗಿದ್ದು. ಹೆಂಡತಿಯನ್ನು ಸೇರಿಸಿದ್ದು ಮದುವೆಯಾದ ಮೇಲೆ, ಹೋದ ವರ್ಷ. ಸಾಮಾನ್ಯವಾಗಿ ಆಕೆಯ ವೇಟಿಂಗ್ ಆಕೆ ಸೇರಿದ ದಿನದಿಂದ ಶುರು. ಹೆರಿಗೆ ಕವರ್ ಆಮೇಲೆ ಸೇರಿಸಿದ್ದರೆ ಅದಕ್ಕೂ ಹೀಗೇ. ಮೊತ್ತ ಜಾಸ್ತಿ ಮಾಡಿದ್ದರೆ, ಜಾಸ್ತಿ ಮಾಡಿದ ಭಾಗಕ್ಕೆ ಮಾತ್ರ ಹೊಸ ಲೆಕ್ಕ. ರಿನ್ಯೂವಲ್ ಮರೆತು ಪಾಲಿಸಿ ನಿಂತು ಹೋಗಿದ್ದರೆ, ಮತ್ತೆ ಮೊದಲಿನಿಂದ ಎಣಿಸಬೇಕಾಗಬಹುದು. ಕೆಲವು ಪಾಲಿಸಿಗಳು ಹೆರಿಗೆಯ ದಿನವನ್ನಲ್ಲ, ಗರ್ಭ ನಿಂತ ಸಮಯವನ್ನೇ ನೋಡುತ್ತವೆ. ಚೀಟಿಯಲ್ಲಿ ತಾಯಿಯ ಹೆಸರು ಹಾಕಿ, ಆಕೆಗೆ ಅನ್ವಯಿಸುವ ತಾರೀಖನ್ನೇ ಬರೆಯುತ್ತೇವೆ. ಪಾಲಿಸಿಯ ವಯಸ್ಸನ್ನು ಬರೆಯುವುದಿಲ್ಲ.

ಈಗಾಗಲೇ ಗರ್ಭಿಣಿ ಇರುವವರಿಗೆ ಯಾಕೆ ಮಾಡಿಸುವುದಿಲ್ಲ ಅಂದರೆ, ಅದರಿಂದ ನಮಗೆ ಕಮಿಷನ್ ಬರುತ್ತದೆ, ನಿಮಗೆ ಈ ಸಲ ಏನೂ ಬರುವುದಿಲ್ಲ. ಎಷ್ಟೋ ಕಂಪನಿಗಳು ಹೆರಿಗೆ ಆಗಲಿ, ಆಮೇಲೆ ಬನ್ನಿ ಅನ್ನುತ್ತವೆ. ಅರ್ಜಿಯಲ್ಲಿ ಗರ್ಭಿಣಿ ಅಂತ ಬರೆಯದೆ ಬಿಟ್ಟರೆ ಆಗಲ್ವಾ ಅಂತ ಕೇಳಿದವರೂ ಇದ್ದಾರೆ. ಆಗುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನಿಂಗ್ ಗರ್ಭದ ವಯಸ್ಸನ್ನು ಒಂದು ವಾರದ ಹೆಚ್ಚುಕಮ್ಮಿಯೊಳಗೆ ಹೇಳುತ್ತದೆ. ಆ ರಿಪೋರ್ಟ್ ಕ್ಲೇಮ್ ಜೊತೆ ಹೋಗೇ ಹೋಗುತ್ತದೆ. ಮುಚ್ಚಿಟ್ಟಿದ್ದು ಗೊತ್ತಾದರೆ ಹೆರಿಗೆ ಕ್ಲೇಮ್ ಜೊತೆಗೆ ಇಡೀ ಪಾಲಿಸಿಯೇ ರದ್ದಾಗಬಹುದು.

ಅಂಥವರು ನಮ್ಮ ಹತ್ತಿರ ಬರಲೇಬೇಡಿ ಅಂತ ಅಲ್ಲ. ಬನ್ನಿ, ಕೂತು ಮಾತಾಡೋಣ. ಮೊದಲು ಇಬ್ಬರ ಕೆಲಸದ ಕಡೆಯ ಗ್ರೂಪ್ ಪಾಲಿಸಿಯನ್ನೂ ತನ್ನಿ. ಅವುಗಳಲ್ಲಿ ಹೆರಿಗೆಗೆ ವೇಟಿಂಗ್ ಇಲ್ಲದೇ ಇರುವುದು ಎಷ್ಟೋ ಸಲ ಇದೆ. ಹೆಂಡತಿಯದ್ದು ನೋಡುತ್ತಾರೆ, ಗಂಡನ ಆಫೀಸಿನ ಪಾಲಿಸಿಯಲ್ಲಿ ಹೆಂಡತಿಯ ಹೆಸರು ಇದೆಯಾ ಅಂತ ನೋಡುವುದೇ ಇಲ್ಲ. ಒಂದು ಎಚ್ಚರ ಇರಲಿ: ಕೆಲಸ ಬಿಟ್ಟರೆ ಆ ಕವರೂ ಹೋಗುತ್ತದೆ. ಏಳನೇ ತಿಂಗಳಲ್ಲಿ ಕೆಲಸ ಬದಲಿಸುವ ಮುಂಚೆ ಹೊಸ ಜಾಗದ ನಿಯಮ ಕೇಳಿಕೊಳ್ಳಿ.

ಈಗ, ಮಾರುವವರು ಸಾಮಾನ್ಯವಾಗಿ ಹೇಳದ ಒಂದು ಮಾತು. ಬರೀ ನಾರ್ಮಲ್ ಡೆಲಿವರಿಯ ಖರ್ಚು ವಾಪಸ್ ಬರಲಿ ಅಂತ ಹೆರಿಗೆ ಕವರ್ ತಗೊಳ್ಳುವುದು ಬಹಳ ಸಲ ಲಾಭದ ವ್ಯವಹಾರ ಅಲ್ಲ. ಎರಡು ಮೂರು ವರ್ಷ ಕಟ್ಟುವ ಹೆಚ್ಚುವರಿ ಪ್ರೀಮಿಯಂ ಕೂಡಿಸಿ, ಪಾಲಿಸಿ ಹೆರಿಗೆಗೆ ಕೊಡುವ ಗರಿಷ್ಠ ಮೊತ್ತದ ಪಕ್ಕದಲ್ಲಿ ಇಡಿ. ಈ ಗರಿಷ್ಠ ಮೊತ್ತ ಪಾಲಿಸಿಯ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಇರುವ ದೊಡ್ಡ ಮೊತ್ತ ಅಲ್ಲ. ಒಳಗೆಲ್ಲೋ ನಾರ್ಮಲ್‌ಗೆ ಇಷ್ಟು, ಸಿಸೇರಿಯನ್‌ಗೆ ಇಷ್ಟು ಅಂತ ಬೇರೆ ಇರುತ್ತದೆ, ಬಹಳ ಕಡಿಮೆ ಇರುತ್ತದೆ. ಎರಡೂ ಹತ್ತಿರ ಹತ್ತಿರ ಬಂದರೆ ಆ ದುಡ್ಡನ್ನು ನೀವೇ ಕೂಡಿಡುವುದು ವಾಸಿ. ನಮ್ಮ ಅನುಭವದಲ್ಲಿ ಪಾಲಿಸಿಯ ನಿಜವಾದ ಬೆಲೆ ಗೊತ್ತಾಗುವುದು ಏನಾದರೂ ಕೆಟ್ಟಾಗ. ಮಗು ಎರಡು ವಾರ ಎನ್‌ಐಸಿಯುನಲ್ಲಿ ಇರಬೇಕಾದಾಗ, ತಾಯಿಗೆ ಐಸಿಯು ಬೇಕಾದಾಗ. ಹಾಗಾಗಿ ಪಾಲಿಸಿ ಆರಿಸುವಾಗ ಹೆರಿಗೆಗೆ ಎಷ್ಟು ಅನ್ನುವುದಕ್ಕಿಂತ ಮೊದಲು, ಮಗುವಿಗೆ ಹುಟ್ಟಿದ ದಿನದಿಂದ ಕವರ್ ಇದೆಯಾ, ಅದು ಹೆರಿಗೆಯ ಸಣ್ಣ ಮೊತ್ತದೊಳಗಾ ಇಲ್ಲ ದೊಡ್ಡ ಮೊತ್ತದಿಂದಾ ಅಂತ ಕೇಳಿ. ತೊಡಕಾಗಿ ತಾಯಿ ಆಸ್ಪತ್ರೆ ಸೇರಿದರೆ ಯಾವ ಲೆಕ್ಕಕ್ಕೆ ಹೋಗುತ್ತದೆ ಅಂತಲೂ ಕೇಳಿ. ಗರ್ಭಕೋಶದ ಹೊರಗೆ ಗರ್ಭ ನಿಲ್ಲುವ ತೊಂದರೆಯನ್ನು ಹಲವು ಪಾಲಿಸಿಗಳು ಹೆರಿಗೆ ಅಂತ ನೋಡದೆ ಮಾಮೂಲಿ ಚಿಕಿತ್ಸೆ ಅಂತಲೇ ನೋಡುತ್ತವೆ. ಆ ಕ್ಲೇಮ್ ಹಾಕದೇ ಬಿಟ್ಟವರನ್ನು ನೋಡಿದ್ದೇವೆ.

ತಿಂಗಳು ತಿಂಗಳ ತಪಾಸಣೆಯ ಖರ್ಚಿನ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಹೆರಿಗೆಗೆ ಮುಂಚೆ ಕಡೇ ಪಕ್ಷ ಎಂಟು ಸಲವಾದರೂ ತಪಾಸಣೆ ಆಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಮೊದಲನೆಯದು 12 ವಾರದೊಳಗೆ. ಈ ಎಂಟೂ ಅಡ್ಮಿಟ್ ಆಗದೆ ಮಾಡಿಸುವಂಥವು. ಅಡ್ಮಿಟ್ ಆದರೆ ಮಾತ್ರ ಕೊಡುವ ಪಾಲಿಸಿಯಲ್ಲಿ ಇವಕ್ಕೆ ಹಣ ಬರುವುದಿಲ್ಲ. ಹಾಗಂತ ತಪಾಸಣೆ ತಪ್ಪಿಸಬೇಡಿ. ಬಿಲ್ಲು, ರಿಪೋರ್ಟ್ ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿಡಿ, ಕ್ಲೇಮ್ ವೇಳೆ ಕೇಳುತ್ತಾರೆ.

ರೂಮಿನ ಬಗ್ಗೆ ಚಿಕ್ಕದಾಗಿ. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದ್ದು, ಅದರ ಎರಡರಷ್ಟು ಬಾಡಿಗೆಯ ರೂಮ್ ಹಿಡಿದರೆ, ಬಾಡಿಗೆಯ ವ್ಯತ್ಯಾಸ ಕಟ್ಟಿದರೆ ಸಾಕು ಅಂತ ಜನ ಅಂದುಕೊಳ್ಳುತ್ತಾರೆ. ಕೆಲವು ಪಾಲಿಸಿಗಳು ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಖರ್ಚನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಅರ್ಧಕ್ಕೆ, ಇಳಿಸುತ್ತವೆ. ರೂಮ್ ಆರಿಸುವ ಮುಂಚೆ ನಮಗೊಂದು ಫೋನ್ ಮಾಡಿ, ರಾತ್ರಿಯಾದರೂ ಪರವಾಗಿಲ್ಲ.

ಮಗು ಹುಟ್ಟಿದ ಮೇಲೆ ಪಾಲಿಸಿಗೆ ಸೇರಿಸಲು ಹೆಸರಿಡುವ ತನಕ ಕಾಯಬೇಡಿ. ಆಸ್ಪತ್ರೆಯ ಕಾಗದದಲ್ಲಿ "ಬೇಬಿ ಆಫ್" ಅಂತ ಬರೆದು ತಾಯಿಯ ಹೆಸರು ಹಾಕಿರುತ್ತಾರಲ್ಲ, ಶುರುವಿಗೆ ಅದೇ ಸಾಕು. ಪಾಲಿಸಿಯಲ್ಲಿ ತಿಳಿಸಲು ಇಂತಿಷ್ಟು ದಿನ ಅಂತ ಇರುತ್ತದೆ. ನಿದ್ದೆಗೆಟ್ಟ ಮನೆಯಲ್ಲಿ ಆ ದಿನಗಳು ಹೇಗೆ ಕಳೆಯುತ್ತವೆ ಅನ್ನುವುದು ಗೊತ್ತೇ ಆಗುವುದಿಲ್ಲ. ಅದಕ್ಕೇ ಚೀಟಿಯ ಕೊನೆಯ ಸಾಲಿನಲ್ಲಿ ಆ ಗಡುವನ್ನೂ ಬರೆಯುತ್ತೇವೆ. ನಮ್ಮ ಕಡೆಯಿಂದಲೂ ನೆನಪಿಸುತ್ತೇವೆ.

ಹಿಂದೆ ನಮ್ಮಿಂದ ಹೆರಿಗೆಯ ತಾರೀಖು ಕೇಳಿಕೊಂಡು ಹೋದವರು ಇನ್ನೂ ಇದ್ದಾರೆ. ಆ ಹಳೆಯ ಫೈಲುಗಳನ್ನು ಒಂದೊಂದಾಗಿ ತೆಗೆದು ಮತ್ತೆ ಎಣಿಸುತ್ತಿದ್ದೇವೆ. ಡ್ಯೂ ಡೇಟ್ ಹತ್ತಿರ ಇರುವವರಿಗೆ ಮೊದಲು ಫೋನ್ ಬರುತ್ತದೆ. ಈ ವಾರ ನಮ್ಮಿಂದ ಫೋನ್ ಬರದಿದ್ದರೆ ನೀವೇ ಮಾಡಿ. ಕೈಯಲ್ಲಿ ಮೊದಲ ಸ್ಕ್ಯಾನಿಂಗ್ ರಿಪೋರ್ಟ್ ಮತ್ತು ತಾಯಿಯ ಹೆಸರು ಪಾಲಿಸಿಗೆ ಸೇರಿದ ತಾರೀಖು ಇರುವ ಪುಟ ಇರಲಿ. ಆ ಎರಡು ಇದ್ದರೆ ಹತ್ತು ನಿಮಿಷದ ಕೆಲಸ.

ಇಂತಿ ನಿಮ್ಮ,
ಕಚೇರಿಯ ನಾಲ್ವರೂ